ಕೆಲಸಕ್ಕೆ ಬರುವ ಹುಳ

ನಮ್ಮಲ್ಲಿ ಒಬ್ಬ ಮನುಷ್ಯನನ್ನು ಹೀಗಳೆಯಲು ದೊಡ್ಡ ಬೈಗುಳವೇನೂ ಬೇಕಾಗಿಲ್ಲ. ‘ಕೆಲಸಕ್ಕೆ ಬಾರದವನು’ ಅಂದರೆ ಸಾಕು. ಕಳ್ಳ, ಸುಳ್ಳ ಅನ್ನಿಸಿಕೊಂಡವನು ಜಗಳಕ್ಕಾದರೂ ಬಂದಾನು. ಈ ಮಾತು ಕೇಳಿದವನು ತಲೆ ತಗ್ಗಿಸಿ ಎದ್ದು ಹೋಗುತ್ತಾನೆ. ಊರು ಬಿಟ್ಟು ಬಂದವರಿಗಂತೂ ಈ ಮಾತಿನ ಭಯ ಇನ್ನೂ ಹೆಚ್ಚು. ಊರಲ್ಲಾದರೆ ಕೆಲಸಕ್ಕೆ ಬಾರದವನಿಗೂ ಕೂತುಕೊಳ್ಳಲು ಒಂದು ಕಟ್ಟೆ ಇರುತ್ತದೆ. ಬೈಯುತ್ತಲೇ ಒಂದು ರೊಟ್ಟಿ ಹಾಕುವ ಅತ್ತಿಗೆ ಇರುತ್ತಾಳೆ. ಪರಊರಿನಲ್ಲಿ ಆ ಕಟ್ಟೆ ಇಲ್ಲ. ಇಲ್ಲಿ ನಾವು ಇರುವುದೇ ಕೆಲಸಕ್ಕೆ ಬರುತ್ತೇವೆ ಅನ್ನುವ ಕಾರಣಕ್ಕೆ.

ನಾನು ಗದಗದ ಕಡೆಯವನು. ಡಿಪ್ಲೊಮಾ ಮುಗಿಸಿ 1987ರಲ್ಲಿ ಪುಣೆಗೆ ಬಂದೆ. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ 2024ರಲ್ಲಿ ನಿವೃತ್ತನಾದೆ. ಇಷ್ಟು ವರ್ಷಗಳಲ್ಲಿ ಕೆಲಸಕ್ಕೆ ಬರುವುದು, ಬಾರದಿರುವುದು ಅಂದರೆ ಏನು ಅಂತ ಒಂದು ದಿನವೂ ಕೂತು ಯೋಚಿಸಿದವನಲ್ಲ. ಯೋಚಿಸುವ ಹಾಗೆ ಮಾಡಿದ್ದು ಒಂದು ಹುಳ.

ನಾವಿರುವುದು ಪುಣೆಯ ಪಶ್ಚಿಮಕ್ಕೆ, ಗುಡ್ಡದ ಬುಡದಲ್ಲಿ ಕಟ್ಟಿದ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಮೂರು ಕಟ್ಟಡ, ಎಪ್ಪತ್ತೆರಡು ಮನೆ. ಹಿಂಭಾಗದ ಕಂಪೌಂಡಿಗೂ ಕಟ್ಟಡಕ್ಕೂ ನಡುವೆ ಎರಡು ಮೀಟರ್ ಅಗಲದ ಒಂದು ಪಟ್ಟಿ ನೆಲ ಉಳಿದಿದೆ. ಬಿಲ್ಡರ್ ಅಲ್ಲಿ ಟೈಲ್ಸ್ ಹಾಕಲು ಮರೆತನೋ, ದುಡ್ಡು ಉಳಿಸಿದನೋ. ಹುಲ್ಲು, ಕಲ್ಲು, ಒಣಗಿದ ಎಲೆ, ಎರಡು ಕರಿಬೇವಿನ ಗಿಡ, ಇಷ್ಟೇ ಅಲ್ಲಿರುವುದು. 2021ರ ಜೂನ್ ತಿಂಗಳು, ಮೊದಲ ಮಳೆ ಬಿದ್ದ ರಾತ್ರಿ. ನೀರು ನಿಂತಿದೆಯೇ ಅಂತ ನೋಡಲು ಟಾರ್ಚ್ ಹಿಡಿದು ಆ ಕಡೆ ಹೋಗಿದ್ದೆ. ಜೊತೆಗೆ ನಮ್ಮ ಸೊಸೈಟಿಯ ತೋಟ ನೋಡಿಕೊಳ್ಳುವ ಮಾಳಿಕಾಕಾ ಇದ್ದರು. ಬೆಳಕಿನಲ್ಲಿ ಒಂದು ಕರಿ ಹುಳ ಸರಸರ ಓಡಿತು. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ. ಬೆನ್ನ ಮೇಲೆ ನಾಲ್ಕು, ಕತ್ತಿನ ಬಳಿ ಎರಡು, ಅಂಗಿಗೆ ಗುಂಡಿ ಹೊಲಿದ ಹಾಗೆ ಆರು ಬಿಳಿ ಚುಕ್ಕೆ. ಬಗ್ಗಿ ನೋಡಲು ಹೋದೆ.

“ಕೈಲೆ ಮುಟ್ಟಬ್ಯಾಡ್ರಿ ಸಾಹೇಬ್ರ,” ಅಂದರು ಕಾಕಾ. “ಹಿಂದಿನಿಂದ ನೀರು ಹೊಡಿತದ. ಕಣ್ಣಾಗ ಬಿತ್ತಂದ್ರ ರಾತ್ರಿಯೆಲ್ಲ ಉರಿ.”

“ಹಂಗಾದ್ರ ಕೊಲ್ಲಬೇಕೇನು ಕಾಕಾ?”

“ಯಾಕ್ ಕೊಲ್ಲೂದ್ರಿ? ಅದರ ಪಾಡಿಗೆ ಅದು ಹೊಂಟದ.”

ಕಾಕಾ ವಿಜಯಪುರ ಜಿಲ್ಲೆಯವರು. 1972ರ ಬರಗಾಲದಲ್ಲಿ ಅಪ್ಪನ ಕೈಹಿಡಿದು ಪುಣೆಗೆ ಕಲ್ಲು ಒಡೆಯಲು ಬಂದವರು. ಸೊಸೈಟಿಯ ಎಲ್ಲರಿಗೂ ಅವರು ಮಾಳಿಕಾಕಾ. ಅವರ ಕನ್ನಡ ಕೇಳುವವನು ಅಲ್ಲಿ ನಾನೊಬ್ಬನೇ.

ಮೂರು ದಿನಕ್ಕೆ ಆ ಹುಳ ಮೊದಲ ಮಹಡಿಯ ಒಂದು ಮಗುವಿನ ಕಣ್ಣಿಗೆ ಬಿತ್ತು. ಮಗು ಹೆದರಿ ಕಿರುಚಿತು, ಅಷ್ಟೇ. ಆದರೆ ಭಾನುವಾರ ಪಾರ್ಕಿಂಗಿನಲ್ಲಿ ಮಾಸ್ಕ್ ಹಾಕಿಕೊಂಡು ದೂರ ದೂರ ಕುರ್ಚಿ ಹಾಕಿ ಮೀಟಿಂಗ್ ಸೇರಿತು. ಎರಡು ಸಲಹೆ ಬಂದವು. ಒಂದು, ಹಿಂದಿನ ಪಟ್ಟಿಗೆಲ್ಲ ಪೆಸ್ಟ್ ಕಂಟ್ರೋಲಿನವರಿಂದ ಔಷಧ ಹೊಡೆಸುವುದು. ಎರಡು, ಹುಳ ಹುಪ್ಪಟೆ ಬೆಳೆಯಲು ಬಿಟ್ಟ ಮಾಳಿಕಾಕಾನನ್ನು ಬಿಡಿಸಿ ಏಜೆನ್ಸಿಯಿಂದ ಒಬ್ಬ ಹುಡುಗನನ್ನು ತರಿಸುವುದು. ಆಗ ಸೊಸೈಟಿಗೆ ನಾನೇ ಸೆಕ್ರೆಟರಿ. ಮೂರು ರಾತ್ರಿ ಕೂತು ಓದಿ ತಯಾರಾಗಿ ಹೋಗಿದ್ದೆ. ನನಗೆ ಬರುವ ಮರಾಠಿಯಲ್ಲಿ ಅರ್ಧ ಗಂಟೆ ಮಾತಾಡಿದೆ.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಹುಳ ನೆಲದ ದುಂಬಿಗಳ ಕುಟುಂಬಕ್ಕೆ ಸೇರಿದ್ದು. ವಿಜ್ಞಾನದವರು ಕ್ಯಾರಬಿಡೇ ಎನ್ನುವ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ನಲವತ್ತು ಸಾವಿರಕ್ಕೂ ಹೆಚ್ಚು ಬಗೆಗಳಿವೆ. ನಮ್ಮ ಆರು ಚುಕ್ಕೆಯದು ಆಂಥಿಯಾ ಸೆಕ್ಸ್‌ಗುಟ್ಟಾಟ. ಅದು ಒಣನೆಲದ ಹುಳ, ಅದಕ್ಕೆ ಹಾರಲು ಬರುವುದಿಲ್ಲ. ಅದು ಚಿಮ್ಮಿಸುವ ‘ನೀರು’ ಫಾರ್ಮಿಕ್ ಆಮ್ಲ, ಕೆಲವು ಇರುವೆಗಳ ವಿಷದಲ್ಲೂ ಇರುವಂಥದು. ಈ ಕುಟುಂಬದ ಬಹಳಷ್ಟು ಹುಳಗಳು ಹಗಲು ಕಲ್ಲಿನ ಕೆಳಗೆ, ಮಣ್ಣಿನ ಬಿರುಕಿನಲ್ಲಿ, ಕಸದ ಅಡಿಯಲ್ಲಿ ಬಿದ್ದಿರುತ್ತವೆ. ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತವೆ. ಮರಿಹುಳ ಮಣ್ಣಿನೊಳಗೇ ಇದ್ದು ಅಲ್ಲೇ ಬೇಟೆಯಾಡುತ್ತದೆ. ಸಸಿಯ ಬುಡ ಕತ್ತರಿಸುವ ಹುಳು ಹಗಲು ಮಣ್ಣಲ್ಲಿ ಅಡಗಿದ್ದು ರಾತ್ರಿ ಹೊರಗೆ ಬರುತ್ತದಲ್ಲ, ಅದನ್ನು ಹಿಡಿಯುವವನೂ ರಾತ್ರಿ ಪಾಳಿಯವನೇ ಆಗಬೇಕು. ಕಾರ್ಖಾನೆಯಲ್ಲಿ ದುಡಿದ ನಮ್ಮ ಸದಸ್ಯರಿಗೆ ಈ ಪಾಳಿಯ ಮಾತು ಚೆನ್ನಾಗಿ ಹಿಡಿಸಿತು. ಕಂಬಳಿಹುಳ, ಗೊಂಡೆಹುಳ, ಸಸ್ಯಹೇನು, ನೆಲಕ್ಕೆ ಬಿದ್ದ ಕೋಶ, ಮೊಟ್ಟೆ, ಸಿಕ್ಕಿದ್ದನ್ನೆಲ್ಲ ಈ ದುಂಬಿಗಳು ತಿನ್ನುತ್ತವೆ. ಕೆಲವು ಬಗೆಗಳು ಕಳೆಗಿಡದ ಬೀಜವನ್ನೂ ಬಿಡುವುದಿಲ್ಲ.

ಭತ್ತದ ಗದ್ದೆಯ ಉದಾಹರಣೆಯನ್ನೂ ಕೊಟ್ಟೆ. ಅಲ್ಲಿ ಓಫಿಯೋನಿಯಾ ಎಂಬ ತೆಳ್ಳಗಿನ, ಕೆಂಪುಕಂದು ಬಣ್ಣದ ನೆಲದುಂಬಿ ಪೈರನ್ನು ಹತ್ತುತ್ತದೆ. ಎಲೆ ಮಡಚುವ ಹುಳು ಮಡಿಚಿದ ಎಲೆಯೊಳಗೆ ಬೆಚ್ಚಗೆ ಕೂತಿದ್ದರೆ ಇದು ಒಳಗೇ ನುಗ್ಗಿ ತಿನ್ನುತ್ತದೆ, ದಿನಕ್ಕೆ ಮೂರರಿಂದ ಐದು. ಇಂಥವನ್ನೆಲ್ಲ ಔಷಧ ಹೊಡೆದು ಕೊಂದರೆ ಏನಾಗುತ್ತದೆ ಅನ್ನುವುದಕ್ಕೆ ಇಂಡೊನೇಷ್ಯಾ ಸಾಕ್ಷಿ. ಅಲ್ಲಿ ಔಷಧ ಹೊಡೆದಷ್ಟೂ ಕಂದು ಜಿಗಿಹುಳುವಿನ ಕಾಟ ಏರುತ್ತ ಹೋಯಿತು. ಅದನ್ನು ತಿನ್ನುತ್ತಿದ್ದ ಜೇಡ, ದುಂಬಿ, ತಿಗಣೆಗಳು ಮೊದಲು ಸತ್ತಿದ್ದವು. ಕಡೆಗೆ 1986ರಲ್ಲಿ ಅಲ್ಲಿನ ಸರಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು.

“ಆದ್ದರಿಂದ ಇದು ನಮ್ಮ ಕೆಲಸಕ್ಕೆ ಬರುವ ಹುಳ,” ಅಂತ ಮುಗಿಸಿದೆ. ಅದೇ ಉಸಿರಿನಲ್ಲಿ ಕಾಕಾನ ಮಾತನ್ನೂ ಸೇರಿಸಿದೆ: “ಮಾಳಿಕಾಕಾ ಕೂಡ ಹಾಗೆಯೇ. ಏಜೆನ್ಸಿಯ ಇಬ್ಬರು ಮಾಡುವ ಕೆಲಸವನ್ನು ಇವರೊಬ್ಬರೇ ಮಾಡುತ್ತಾರೆ, ಅದೂ ಕಡಿಮೆ ಪಗಾರಕ್ಕೆ.” ಸಭೆ ತಲೆದೂಗಿತು. ಹುಳ ಉಳಿಯಿತು, ಕಾಕಾ ಉಳಿದರು. ನಡಾವಳಿಯ ಪುಸ್ತಕದಲ್ಲಿ ಎರಡು ನಿರ್ಣಯಗಳನ್ನೂ ಕಾರಣ ಸಮೇತ ನಾನೇ ಬರೆದೆ. ಆ ರಾತ್ರಿ ಬಹಳ ದೊಡ್ಡ ಕೆಲಸ ಮಾಡಿದವನ ಹಾಗೆ ನಿದ್ದೆ ಬಂತು.

ಇನ್ನೂ ಓದುವ ಹುರುಪು ಹತ್ತಿತ್ತು. ಚಾರ್ಲ್ಸ್ ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಪ್ರಸಂಗ ಸಿಕ್ಕಿತು. ಕೇಂಬ್ರಿಜ್‌ನಲ್ಲಿ ಓದುವಾಗ ಅವನಿಗೆ ದುಂಬಿ ಹಿಡಿಯುವ ಹುಚ್ಚು. ಒಂದು ದಿನ ಮರದ ತೊಗಟೆ ಕಿತ್ತಾಗ ಎರಡು ಅಪರೂಪದ ದುಂಬಿ ಕಂಡವು, ಕೈಗೊಂದು ಹಿಡಿದ. ಅಷ್ಟರಲ್ಲಿ ಮೂರನೆಯದು ಕಾಣಿಸಿತು. ಬಿಡಲು ಮನಸ್ಸಿಲ್ಲ. ಬಲಗೈಯಲ್ಲಿದ್ದುದನ್ನು ಬಾಯಲ್ಲಿಟ್ಟುಕೊಂಡ. ಅದು ನಾಲಗೆ ಸುಡುವ ಹಾಗೆ ಏನೋ ಚಿಮ್ಮಿಸಿತು. ಉಗುಳಿದ, ಅದೂ ಹೋಯಿತು, ಮೂರನೆಯದೂ ಹೋಯಿತು. ಓದಿ ನಕ್ಕೆ. ಆಸೆ ಪಟ್ಟು ಬಾಯಿಗೆ ಹಾಕಿಕೊಂಡವನನ್ನು ಅದು ತನ್ನ ಉಪಯೋಗ ಹೇಳಿ ಬೇಡಿಕೊಳ್ಳಲಿಲ್ಲ. ತನ್ನ ದಾರಿ ತಾನು ನೋಡಿಕೊಂಡಿತು.

ಆಮೇಲೆ ಓದಿದ್ದು ಮನಸ್ಸಿಗೆ ಸ್ವಲ್ಪ ತೊಡಕು ಮಾಡಿತು. ಯೂರೋಪಿನ ಹೊಲಗಳಲ್ಲಿ ಎಲ್ಲೆಲ್ಲೂ ಸಿಗುವ ನೆಲದುಂಬಿಯೊಂದಿದೆ, ಟೆರೊಸ್ಟಿಕಸ್ ಮೆಲನೇರಿಯಸ್ ಅಂತ. ಕರಿ ಬಣ್ಣ, ಒಂದೂವರೆ ಸೆಂಟಿಮೀಟರ್ ಆಸುಪಾಸು. ಗೊಂಡೆಹುಳ ತಿನ್ನುವುದರಿಂದ ಅಲ್ಲಿಯ ರೈತನಿಗೆ ಅದು ಮಿತ್ರ. ಆದರೆ ಅದು ಎರೆಹುಳುವನ್ನೂ ತಿನ್ನುತ್ತದೆ. ಬೇರೆ ಮಿತ್ರಕೀಟಗಳನ್ನೂ ತಿನ್ನುತ್ತದೆ. ನಾವು ಮಿತ್ರ, ಶತ್ರು ಅಂತ ಮಾಡಿಕೊಂಡ ಪಟ್ಟಿ ಅದಕ್ಕೆ ಗೊತ್ತಿಲ್ಲ. ಹಸಿವಾದಾಗ ಎದುರಿಗೆ ಸಿಕ್ಕಿದ್ದು ಊಟ. ಇನ್ನೂ ಒಂದು ವಿಷಯ: ಮನುಷ್ಯರ ಸಾಮಾನಿನ ಜೊತೆ ಸಮುದ್ರ ದಾಟಿದ ಈ ದುಂಬಿ 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಮೊದಲು ಕಾಣಿಸಿತು. ಈಗ ಅಲ್ಲಿನ ಹೊಲದಲ್ಲೂ ಪೇಟೆಯ ಕೈತೋಟದಲ್ಲೂ ಅದರದೇ ಓಡಾಟ. ಅಂದರೆ ಅದೂ ಪರದೇಶಿ. ಅಲ್ಲಿಯೂ ಅದರ ಬಗ್ಗೆ ಕೇಳುವ ಮೊದಲ ಪ್ರಶ್ನೆ, ಇದರಿಂದ ಲಾಭವೋ ನಷ್ಟವೋ ಅಂತಲೇ. ಪರಊರಿಗೆ ಬಂದ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ ಅಂದುಕೊಂಡೆ. ಅಲ್ಲಿಗೇ ಬಿಟ್ಟೆ.

ಬಿಟ್ಟ ಪ್ರಶ್ನೆ 2024ರ ಜನವರಿಯಲ್ಲಿ ಮನೆ ಬಾಗಿಲಿಗೆ ಬಂತು. ಕಾಕಾನ ಒಂದು ಕಣ್ಣಿಗೆ ಪೊರೆ ಬಂದಿತ್ತು, ಮೊಣಕಾಲು ಹಿಡಿದಿತ್ತು. ಬಗ್ಗಿದರೆ ಏಳಲು ಕುಂಡ ಹಿಡಿಯಬೇಕು. ಗುಲಾಬಿ ಗಿಡ ಎರಡು ಒಣಗಿದ್ದವು. ಮೀಟಿಂಗಿನಲ್ಲಿ ಏಜೆನ್ಸಿಯ ಮಾತು ಮತ್ತೆ ಎದ್ದಿತು. ನಾನು ಬಾಯಿ ತೆರೆಯುವ ಮುಂಚೆಯೇ ಒಬ್ಬ ಸದಸ್ಯರು ಹಳೆಯ ನಡಾವಳಿ ಪುಸ್ತಕ ತೆಗೆದು ಓದಿದರು: ಇಬ್ಬರ ಕೆಲಸ ಒಬ್ಬರೇ ಮಾಡುತ್ತಾರೆ, ಆದ್ದರಿಂದ ಮುಂದುವರಿಸುವುದು. “ಈಗ ಅರ್ಧ ಜನರ ಕೆಲಸವೂ ಆಗುತ್ತಿಲ್ಲ. ಸೆಕ್ರೆಟರಿ ಸಾಹೇಬರೇ ಬರೆದ ಕಾರಣದ ಪ್ರಕಾರ ಈಗ ಬಿಡಿಸಬೇಕಲ್ಲವೇ?” ಅಂದರು. ಕುಹಕವಿರಲಿಲ್ಲ, ಅವರು ಒಳ್ಳೆಯ ಮನುಷ್ಯರೇ. ಲೆಕ್ಕ ಸರಿಯಾಗಿತ್ತು. ಆ ಲೆಕ್ಕ ಹಾಕಿಕೊಟ್ಟವನು ನಾನು. ಏನು ಹೇಳಬೇಕೋ ತಿಳಿಯಲಿಲ್ಲ. ಸಹಿ ಮಾಡಿದೆ.

ಶಾಲು, ತೆಂಗಿನಕಾಯಿ, ಒಂದು ಲಕೋಟೆಯಲ್ಲಿ ಎರಡು ತಿಂಗಳ ಪಗಾರ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಶಾಲನ್ನು ಮಡಿಚಿ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿ, “ಬರ್ತೀನ್ರಿ ಸಾಹೇಬ್ರ,” ಅಂದರು. ಆ ಸಭೆಯಲ್ಲಿ ಕನ್ನಡದಲ್ಲಿ ಆಡಿದ ಮಾತು ಅದೊಂದೇ.

ಮನೆಗೆ ಬಂದೆ. ನನ್ನ ಹೆಂಡತಿ ಊಟಕ್ಕೆ ಬಡಿಸುತ್ತ ಕೇಳಿದಳು: “ಅಲ್ರೀ, ಹುಳದ ಪರವಾಗಿ ಅರ್ಧ ತಾಸು ವಕೀಲಿ ಮಾಡಿದ್ರಿ ಆವಾಗ. ಕಾಕಾನ ಪರವಾಗಿ ಒಂದು ಮಾತು ಬರಲಿಲ್ಲೇನು?”

“ಮಾಡಿದ್ನಲ್ಲ, ಆವಾಗ ಇಬ್ಬರ ಪರವಾಗಿಯೂ ಮಾಡಿದ್ನಿ.”

“ಅದ ಹೇಳೋದು ನಾ. ಇಬ್ಬರಿಗೂ ಒಂದ ವಕೀಲಿ ಮಾಡಿದ್ರಿ.”

ಅವಳು ಅಷ್ಟು ಹೇಳಿ ಮಜ್ಜಿಗೆ ತರಲು ಒಳಗೆ ಹೋದಳು. ನನಗೆ ಅನ್ನ ಗಂಟಲಲ್ಲಿ ನಿಂತಿತು.

ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಪುಸ್ತಕದಲ್ಲಿ ಒಂದು ಮಾತಿಗೆ ಬಹಳ ಒತ್ತು ಕೊಡುತ್ತಾನೆ: ಮನುಷ್ಯನನ್ನು ಯಾವತ್ತೂ ಬರೀ ಸಾಧನವಾಗಿ ಕಾಣಬಾರದು, ಅವನು ತಾನೇ ಒಂದು ಗುರಿ ಕೂಡ. ಪ್ರಾಣಿಗಳಿಗೆ ಅವನು ಈ ಮರ್ಯಾದೆ ಕೊಡಲಿಲ್ಲ. ಆದರೂ ಅವುಗಳ ಮೇಲೆ ಕ್ರೌರ್ಯ ಮಾಡಬಾರದು ಅಂದ. ಯಾಕೆಂದರೆ ಪ್ರಾಣಿಯ ಮೇಲೆ ಕ್ರೂರವಾಗಿ ಅಭ್ಯಾಸವಾದ ಮನಸ್ಸು ಮನುಷ್ಯನ ಮೇಲೂ ಕಲ್ಲಾಗುತ್ತದೆ. ಬಹಳ ದಿನ ಇದು ನನಗೆ ಸಣ್ಣ ಮಾತಾಗಿ ಕಂಡಿತ್ತು. ಈಗ ಅದರ ಇನ್ನೊಂದು ಮುಖ ಕಾಣುತ್ತಿದೆ. ನಾನು ಹುಳದ ಮೇಲೆ ಕ್ರೌರ್ಯ ಮಾಡಿರಲಿಲ್ಲ, ಅದನ್ನು ಉಳಿಸಿದ್ದೆ. ಆದರೆ ಉಳಿಸಿದ ರೀತಿ ಮನಸ್ಸಿಗೆ ಒಂದು ರೂಢಿ ಹಾಕಿತು. ಉಪಯೋಗ ಇದೆ, ಆದ್ದರಿಂದ ಇರಲಿ. ಈ ವಾಕ್ಯದ ಒಳಗೇ ಇನ್ನೊಂದು ವಾಕ್ಯ ಕೂತಿದೆ: ಉಪಯೋಗ ಮುಗಿಯಿತು, ಆದ್ದರಿಂದ ಹೋಗಲಿ. ಮೊದಲನೆಯದನ್ನು ಗಟ್ಟಿಯಾಗಿ ಹೇಳಿದವನಿಗೆ ಎರಡನೆಯದು ಬಂದಾಗ ಬಾಯಿ ಕಟ್ಟುತ್ತದೆ.

ಹೊರನಾಡಿನಲ್ಲಿರುವ ನಾವೆಲ್ಲ ಈ ಮೊದಲನೆಯ ವಾಕ್ಯವನ್ನೇ ಜಪ ಮಾಡಿಕೊಂಡು ಬಂದವರು. 1966ರಲ್ಲಿ ಶಿವಸೇನೆ ಹುಟ್ಟಿತು. ಅದರ ಆರಂಭದ ವರ್ಷಗಳಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದು ಉಡುಪಿ ಹೋಟೆಲುಗಳ ಮೇಲೂ ದಾಳಿಯಾಯಿತು. ನಾನು ಪುಣೆಗೆ ಬಂದ ಹೊಸದರಲ್ಲಿ ಆ ಕಾಲ ಕಂಡ ಹಿರಿಯರೊಬ್ಬರು ಕಾರ್ಖಾನೆಯಲ್ಲಿದ್ದರು. ಅವರು ಹೆಮ್ಮೆಯಿಂದ ಹೇಳುತ್ತಿದ್ದರು, “ನಾವು ಇಡ್ಲಿ ಸಾಂಬಾರ್ ಕೊಡದಿದ್ದರೆ ಮುಂಬಯಿ ಬೆಳಿಗ್ಗೆ ಏನು ತಿನ್ನುತ್ತಿತ್ತು?” ನಾನೂ ಆ ಮಾತನ್ನು ಎಷ್ಟು ಕಡೆ ಆಡಿದ್ದೇನೋ. ನಾವು ಕಷ್ಟಪಟ್ಟು ದುಡಿಯುವವರು, ಯಾರ ತಂಟೆಗೂ ಹೋಗದವರು, ಊರಿಗೆ ಉಪಯೋಗವಾದವರು. ಎಲ್ಲ ನಿಜ. ಆದರೆ ನಮ್ಮಲ್ಲೇ ಕಾಯಿಲೆ ಬಿದ್ದವನು, ಕೆಲಸ ಸಿಗದವನು, ಹೋಟೆಲಿನಲ್ಲಿ ತಟ್ಟೆ ತೊಳೆದೂ ತೊಳೆದೂ ಕೈ ಹುಣ್ಣಾಗಿ ಬಿಟ್ಟವನು, ಇವರ ಪರವಾಗಿ ಆ ಮಾತು ಏನು ಹೇಳುತ್ತದೆ? ಏನೂ ಹೇಳುವುದಿಲ್ಲ.

ಊರಲ್ಲಿರುವ ನಿಮಗೂ ಈ ಮಾತು ಹೊರತಲ್ಲ. 2012ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಆ ವಾರ ಬೆಂಗಳೂರಿನ ನನ್ನ ನೆಂಟರೊಬ್ಬರು ಫೋನಿನಲ್ಲಿ ಬಹಳ ಬೇಸರದಿಂದ ಮಾತಾಡಿದರು. “ಛೇ, ಪಾಪ, ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳೆಲ್ಲ ಹೊರಟುಹೋದರು. ರಾತ್ರಿ ಗೇಟು ಯಾರು ನೋಡಬೇಕು?” ಅವರ ಬೇಸರ ನಿಜವಾದದ್ದು. ಆದರೂ ಅದರಲ್ಲಿ ಗೇಟು ಎಷ್ಟು, ಹುಡುಗರು ಎಷ್ಟು ಅಂತ ನಾನು ಆಗ ಕೇಳಲಿಲ್ಲ. ಕೇಳುವ ಯೋಗ್ಯತೆಯೂ ನನಗೆ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಹಾಗಾದರೆ ಉಪಯೋಗ ಕೇಳುವುದೇ ತಪ್ಪೇ? ಹಾಗೆ ಹೇಳಿದರೆ ಅದು ಪುಸ್ತಕದ ಮಾತಾಗುತ್ತದೆ. ಹೊಲ ಮಾಡುವವನು ಹತ್ತಿಗೆ ಹುಳು ಬಿದ್ದಾಗ ಸುಮ್ಮನೆ ಕೂರಲಾರ. ನಾನೇ ಮನೆಯ ಬಾಗಿಲಿಗೆ ಗೆದ್ದಲು ಹತ್ತಿದಾಗ ಔಷಧ ಹೊಡೆಸಿದ್ದೇನೆ. ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ಕೆಲಸ ಬರುತ್ತದೋ ಇಲ್ಲವೋ ಕೇಳಲೇಬೇಕು. ಪ್ರಶ್ನೆ ಇರುವುದು ಅಲ್ಲಲ್ಲ. ಒಂದು ಜೀವ ಅಲ್ಲಿ ಇರಬಹುದೋ ಇಲ್ಲವೋ ಅನ್ನುವುದಕ್ಕೂ ಅದೇ ಒಂದು ಪ್ರಶ್ನೆ ಸಾಕೇ ಅನ್ನುವುದರಲ್ಲಿ.

ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ನಮ್ಮ ಹೊಲದ ಬದು.

ಎರಿ ಭೂಮಿಯ ನಮ್ಮ ಹೊಲದ ಸುತ್ತ ಅಪ್ಪ ಒಂದು ಮಾರಿನಷ್ಟು ಅಗಲ ಬದು ಬಿಟ್ಟಿದ್ದರು. ನೇಗಿಲು, ಕುಂಟೆ ಯಾವುದೂ ಅಲ್ಲಿಗೆ ಹೋಗುತ್ತಿರಲಿಲ್ಲ. ಹುಲ್ಲು, ಒಂದೆರಡು ಜಾಲಿ, ಕಾರೆ ಕಂಟಿ, ಕಲ್ಲು ಗುಂಡು. ನಾವು ಹುಡುಗರು ಅಲ್ಲಿ ಕಲ್ಲೆತ್ತಿ ಚೇಳು, ಹುಳ ನೋಡುತ್ತಿದ್ದೆವು. ಹೈಬ್ರಿಡ್ ಹತ್ತಿ ಬಂದ ಮೇಲೆ ಊರಲ್ಲಿ ಎಣ್ಣಿ ಹೊಡೆಯುವುದು ಶುರುವಾಯಿತು. ಹೊಲಕ್ಕೆ ಬೀಳುವ ಔಷಧಕ್ಕೆ ನಮ್ಮಲ್ಲಿ ಎಣ್ಣಿ ಅಂತಲೇ ಹೆಸರು. ಅಪ್ಪನೂ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದರು. ಆದರೆ ಬದುವಿನ ಹತ್ತಿರ ಬಂದಾಗ ಕೈ ತಡೆಯುತ್ತಿದ್ದರು. ಒಮ್ಮೆ ನಾನು, ಹುಳ ಎಲ್ಲ ಅಲ್ಲೇ ಅದಾವಲ್ಲ, ಅಲ್ಲೂ ಹೊಡಿ ಅಂದೆ. “ಬದುವಿಂದು ಬದುವಿಗೆ ಇರಲಿ ಬಿಡೋ ತಮ್ಮಾ,” ಅಂದರು. “ಅದೇನು ನಮ್ಮ ಹೊಲ ಐತೇನು?” ಬದು ನಮ್ಮದೂ ಅಲ್ಲ, ಬಾಜೂದವರದೂ ಅಲ್ಲ ಅನ್ನುವ ಅರ್ಥದಲ್ಲಿ ಹೇಳಿದರೋ, ಬೇರೆ ಅರ್ಥವಿತ್ತೋ, ಕೇಳಿ ತಿಳಿಯೋಣವೆಂದರೆ ಈಗ ಅವರಿಲ್ಲ. ಅಪ್ಪ ಸಂತರೇನಲ್ಲ. ಬದುವಿನ ಹುಲ್ಲನ್ನು ಕೊಯ್ದು ಎತ್ತಿಗೆ ಹಾಕುತ್ತಿದ್ದರು, ಜಾಲಿಯಿಂದ ಕುಂಟೆಗೆ ಕಟ್ಟಿಗೆ ಮಾಡುತ್ತಿದ್ದರು. ಅಷ್ಟು ಉಪಯೋಗ ಇತ್ತು. ಆದರೆ ಬದು ಉಳಿದದ್ದು ಆ ಹುಲ್ಲಿನ ಲೆಕ್ಕದಿಂದಲ್ಲ. ಹುಲ್ಲು ಬಾರದ ಬರಗಾಲದಲ್ಲೂ ಅದನ್ನು ಯಾರೂ ಹರಗಲಿಲ್ಲ.

ಇಂಗ್ಲೆಂಡಿನಲ್ಲಿ ಇದರ ಉಲ್ಟಾ ನಡೆಯಿತು. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಯಂತ್ರ ಓಡಾಡಲಿ ಅಂತ ಹೊಲಗಳ ನಡುವಿನ ಬೇಲಿಸಾಲುಗಳನ್ನು ಮೈಲುಗಟ್ಟಲೆ ಕಿತ್ತುಹಾಕಿದರು. ಹೊಲ ದೊಡ್ಡದಾಯಿತು, ನೆಲದುಂಬಿಗೆ ಚಳಿಗಾಲ ಕಳೆಯಲು ಜಾಗ ಇಲ್ಲವಾಯಿತು. ಅಂಚಿನಿಂದ ನಡುಹೊಲಕ್ಕೆ ನಡೆದು ಬರುವಷ್ಟರಲ್ಲಿ ಸಸ್ಯಹೇನು ಬೆಳೆದುಬಿಡುತ್ತಿತ್ತು. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಸಂಶೋಧಕರು ಒಂದು ಉಪಾಯ ಮಾಡಿದರು. ಹೊಲದ ನಡುವೆ ಎರಡು ಮೀಟರಿನಷ್ಟು ಅಗಲ, ಮೊಣಕಾಲೆತ್ತರಕ್ಕಿಂತ ಕಡಿಮೆ ಎತ್ತರದ ಮಣ್ಣಿನ ದಿಬ್ಬ ಹಾಕಿ, ಪೊದೆಯಾಗಿ ಬೆಳೆಯುವ ಹುಲ್ಲು ಬಿತ್ತಿದರು. ಅದಕ್ಕೆ ದುಂಬಿ ದಿಬ್ಬ ಅಂತಲೇ ಹೆಸರಾಯಿತು. ಒಂದೆರಡು ವರ್ಷದಲ್ಲಿ ಚದರ ಮೀಟರಿಗೆ ನೂರಾರು ದುಂಬಿ, ಜೇಡಗಳು ಚಳಿಗಾಲಕ್ಕೆ ಅಲ್ಲಿ ಬಂದು ಸೇರಿದವು. ವಸಂತ ಬಂದಾಗ ಅಲ್ಲಿಂದಲೇ ಪೈರಿಗೆ ಇಳಿದವು.

ಇದನ್ನು ಓದಿದಾಗ ಮೊದಲು ಖುಷಿಯಾಯಿತು, ಆಮೇಲೆ ನಗು ಬಂತು. ಅಪ್ಪ ಬಿಟ್ಟದ್ದನ್ನು ಅವರು ಕಿತ್ತು, ಮತ್ತೆ ದುಡ್ಡು ಹಾಕಿ ಕಟ್ಟಿದರು! ನಮ್ಮಲ್ಲೂ ಈಗ ಬದು ಉಳಿದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಬಾಜೂದವರು ಒಂದು ಗೇಣು, ನಮ್ಮ ತಮ್ಮ ಒಂದು ಗೇಣು ಅಂತ ಎರಡೂ ಕಡೆಯಿಂದ ಹರಗಿ ಹರಗಿ ಈಗ ಒಂದು ಗೆರೆ ಉಳಿದಿದೆ. ನಾಳೆ ನಮ್ಮ ಕೃಷಿ ಇಲಾಖೆಯವರೂ ದುಂಬಿ ದಿಬ್ಬ ಕಟ್ಟಿ ಅಂತ ಹೇಳಿಯಾರು. ಹೇಳಲಿ, ಒಳ್ಳೆಯದೇ. ಆದರೆ ಲಾಭಕ್ಕಾಗಿ ಕಟ್ಟಿದ ದಿಬ್ಬವನ್ನು ಲಾಭ ಕಡಿಮೆಯಾದ ವರ್ಷ ಕೀಳುತ್ತಾರೆ. ಅಪ್ಪನ ಬದುವಿಗೆ ಆ ಭಯ ಇರಲಿಲ್ಲ. ಅದು ಲೆಕ್ಕದ ಪುಸ್ತಕದಲ್ಲೇ ಬಂದಿರಲಿಲ್ಲ.

ನನಗೀಗ ಅನ್ನಿಸುವುದು ಇಷ್ಟು. ಬದುಕಬೇಕಾದರೆ ಲೆಕ್ಕ ಬೇಕು. ಹೊಲವೆಲ್ಲ ಲೆಕ್ಕದ ಜಾಗವೇ. ಆದರೆ ಹೊಲದ ಸುತ್ತ ಲೆಕ್ಕ ಕೇಳದ ಒಂದು ಮಾರು ನೆಲ ಇರಬೇಕು. ಊರಿಗೂ ಅಂಥ ಒಂದು ಬದು ಬೇಕು, ಮನಸ್ಸಿಗೂ ಬೇಕು. ಅಲ್ಲಿರುವ ಹುಳ ಹೊಲಕ್ಕೆ ಇಳಿದು ಉಪಕಾರ ಮಾಡಿದರೆ ಸಂತೋಷ. ಆದರೆ ಉಪಕಾರ ಅದು ಕಟ್ಟುವ ಬಾಡಿಗೆಯಲ್ಲ. ದುಂಬಿಗೆ ನಾವು ರೈತಮಿತ್ರ ಅಂತ ಬಿರುದು ಕೊಟ್ಟದ್ದು ತಿಳಿದಿಲ್ಲ, ಆ ಬಿರುದು ಕಿತ್ತುಕೊಂಡರೂ ತಿಳಿಯುವುದಿಲ್ಲ. ಕಾಕಾನಿಗೆ ಮಾತ್ರ ಎರಡೂ ತಿಳಿಯಿತು. 2021ರಲ್ಲಿ ನಾನು ಅವರ ಬೆಲೆ ಹೇಳಿದಾಗಲೂ ಅವರು ಅಲ್ಲೇ ಕಂಬಕ್ಕೊರಗಿ ನಿಂತು ಕೇಳುತ್ತಿದ್ದರು. ಆಗ ನಾನು ಅವರನ್ನು ಹೊಗಳುತ್ತಿದ್ದೇನೆ ಅಂದುಕೊಂಡಿದ್ದೆ.

ಅದೇ ವರ್ಷ ಕೆಲವೇ ತಿಂಗಳಿಗೆ ನನ್ನ ನಿವೃತ್ತಿಯೂ ಆಯಿತು. ನನಗೂ ಶಾಲು, ನನಗೂ ತೆಂಗಿನಕಾಯಿ. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ, ಬಾಲ್ಕನಿಯಲ್ಲಿ ಕೂತೆ. ಊರಲ್ಲಿ ತಮ್ಮ ಕೇಳುತ್ತಾನೆ, “ಇನ್ನ ಅಲ್ಲಿ ಏನು ಕೆಲಸ ಐತಿ ಅಣ್ಣಾ ನಿನಗ?” ಊರಿಗೆ ಹೋದರೆ ಅಲ್ಲಿಯವರು ಕೇಳುವುದೂ ಇದೇ: ಎಷ್ಟು ದಿನ ಇರ್ತೀರಿ, ಏನು ಕೆಲಸದ ಮ್ಯಾಲೆ ಬಂದೀರಿ? ಎರಡೂ ಕಡೆ ಪ್ರಶ್ನೆ ಒಂದೇ. ನನ್ನ ಪರವಾಗಿ ನಾನೇ ವಕೀಲಿ ಮಾಡಬೇಕಾಗಿ ಬಂದಾಗ ಹಳೆಯ ವಾದ ನಾಲಗೆಗೆ ಬರಲಿಲ್ಲ.

ಕಾಕಾ ಈಗ ಊರಲ್ಲಿದ್ದಾರೆ, ಮಗಳ ಮನೆಯಲ್ಲಿ. ಕಣ್ಣಿನ ಆಪರೇಷನ್ ಆಗಿದೆ. ಮೊನ್ನೆ ಧೈರ್ಯ ಮಾಡಿ ಫೋನ್ ಮಾಡಿದೆ. ಅಂದು ಸಹಿ ಮಾಡಿದ್ದಕ್ಕೆ ತಪ್ಪಾಯಿತು ಅಂತ ಹೇಳಬೇಕೆಂದಿದ್ದೆ. ಹೇಳಿದೆ ಕೂಡ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದನ್ನ ಬಿಡ್ರಿ,” ಅಂದರು. ಬಿಟ್ಟೆ ಅಂತ ಅಂದರೋ, ಬೇಡ ಆ ಮಾತು ಅಂತ ಅಂದರೋ ನನಗೆ ತಿಳಿಯಲಿಲ್ಲ. ಆಮೇಲೆ ತಾವೇ ಕೇಳಿದರು, “ಹಿಂದಿನ ಪಟ್ಟಿ ಹ್ಯಾಂಗದ್ರಿ? ಆ ಚುಕ್ಕಿ ಹುಳ ಅದಾವೇನು?”

“ಈ ಸಲ ಮಳಿ ಬಿದ್ದ ಮ್ಯಾಲೆ ಒಂದೂ ಕಾಣಸಲಿಲ್ಲ ಕಾಕಾ.”

“ಇರ್ತಾವ ಬಿಡ್ರಿ. ನಮಗ ಕಾಣಸಬೇಕಂತ ಎಲ್ಲೇದ?”

ಬರುವ ಭಾನುವಾರ ಮೀಟಿಂಗ್ ಇದೆ. ಹಿಂದಿನ ಪಟ್ಟಿಗೆ ಸಿಮೆಂಟ್ ಬ್ಲಾಕ್ ಹಾಸಿ ಸ್ಕೂಟರ್ ನಿಲ್ಲಿಸಲು ಜಾಗ ಮಾಡುವ ಸಲಹೆ ಬಂದಿದೆ. ಹನ್ನೆರಡು ಗಾಡಿ ನಿಲ್ಲುತ್ತವಂತೆ. ಹಳೆಯ ನಿರ್ಣಯ ಅಡ್ಡ ಬರುವುದಿಲ್ಲವೇ ಅಂತ ಹೊಸ ಸೆಕ್ರೆಟರಿಯನ್ನು ಕೇಳಿದೆ. “ಹುಳ ಈಗ ಕಾಣಿಸುತ್ತಿಲ್ಲವಲ್ಲ ಸರ್,” ಅಂದರು ವಿನಯದಿಂದ. ಈ ಸಲ ದುಂಬಿ ಏನೇನು ತಿನ್ನುತ್ತದೆ ಅಂತ ಹೇಳಲು ಹೋಗುವುದಿಲ್ಲ. ಬಹುಶಃ ಸೋಲುತ್ತೇನೆ, ಹನ್ನೆರಡು ಸ್ಕೂಟರಿನ ಎದುರು ನನ್ನ ಬಳಿ ಅಂಕಿಯೊಂದೂ ಇಲ್ಲ. ಹೇಳಬ��ಕೆಂದಿರುವುದು ಕಾಕಾ ಆ ರಾತ್ರಿ ಹೇಳಿದ ಮಾತು ಮಾತ್ರ: ಅದರ ಪಾಡಿಗೆ ಅದು ಹೊಂಟದ. ಇದನ್ನು ಮರಾಠಿಯಲ್ಲಿ ಹೇಗೆ ಹೇಳುವುದು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ.